ಅಕ್ಕನ ಊರಿನ ಗುಡ್ಡ

ಆಷಾಢ ಬಂತೆಂದರೆ ನಿಡಗುಂದಿಯ ನಮ್ಮ ಮನೆಯ ತಾಮ್ರದ ಹಂಡೆಯಲ್ಲಿ ನೀರು ಚಹಾದ ಬಣ್ಣಕ್ಕೆ ತಿರುಗುತ್ತಿತ್ತು. ಅವ್ವ ಪಟಿಕದ ಹಳಕನ್ನು ನೀರೊಳಗೆ ಮೆಲ್ಲಗೆ ಆಡಿಸಿ ಮುಚ್ಚಿಟ್ಟರೆ, ಬೆಳಗಾಗುವಷ್ಟರಲ್ಲಿ ತಳದಲ್ಲಿ ಕೆಂಪು ಕೆಸರು ಕೂತಿರುತ್ತಿತ್ತು. ನಮ್ಮದು ಕರಿ ಎರೆಯ ಸೀಮೆ. ಈ ಕೆಂಪು ಎಲ್ಲಿಯದೆಂದು ನಾನೂ ಶಾಂತಕ್ಕನೂ ಬೆರಳಿಂದ ಕೆದಕಿ ನೋಡುತ್ತಿದ್ದೆವು. ಕೃಷ್ಣೆ ಹುಟ್ಟುವ ಗುಡ್ಡದ ಮಣ್ಣು, ಅನ್ನುತ್ತಿದ್ದ ಅಪ್ಪ.

ಮುಂದೆ ಅಕ್ಕ ಆ ಗುಡ್ಡಗಳ ನಡುವಿನ ಹಳ್ಳಿಗೇ, ಸೋದರತ್ತೆಯ ಸೊಸೆಯಾಗಿ ಹೋದಳು. ಅವರ ಮನೆಯ ಮೇಲಿನ ಇಳಿಜಾರಿನ ಮರಗಳನ್ನು ಕಡಿದು ಯಾರೋ ರಸ್ತೆ ತೆಗೆದ ಮೇಲೆ ಪ್ರತಿ ಮಳೆಗೂ ಮಣ್ಣು ಸರಿಯುತ್ತಿತ್ತು. ಕೆಲವು ವರ್ಷಗಳ ಹಿಂದೆ, ಬಿಡದೆ ಸುರಿಯುತ್ತಿದ್ದ ಒಂದು ಮುಂಜಾನೆ, ಹಿತ್ತಿಲ ಝರಿ ಇದ್ದಕ್ಕಿದ್ದಂತೆ ರಾಡಿಯಾದದ್ದನ್ನೂ ಕೊಟ್ಟಿಗೆಯ ನೆಲ ಬಿರಿದದ್ದನ್ನೂ ಅಕ್ಕ ಕಂಡಳು. ದನ ಬಿಚ್ಚಿ, ನೆರೆಯವರನ್ನು ಕೂಗಿ ಎಬ್ಬಿಸಿ, ಅತ್ತೆಯ ಕೈಹಿಡಿದು ಎದುರು ದಿಣ್ಣೆಯ ಶಾಲೆಗೆ ನಡೆದಳು. ಮಧ್ಯಾಹ್ನ ಗುಡ್ಡ ಜಾರಿತು. ಜನ ಉಳಿದರು, ಮನೆ ಉಳಿಯಲಿಲ್ಲ.

ಮಳೆಗಾಲ ಮುಗಿದ ಮೇಲೆ ತವರಿಗೆ ಬಂದ ಅಕ್ಕನೆದುರು ಅವ್ವ ಹಟ ಹಿಡಿದಳು.

"ಎಲ್ಲಾರೂ ಇಲ್ಲೇ ಬಂದುಬಿಡ್ರಿ. ಜಾರೂ ಗುಡ್ಡ ನಂಬಿ ಯಾರರ ಬಾಳೇ ಮಾಡ್ತಾರೇನು?"

"ದಿಣ್ಣಿ ಮ್ಯಾಲ ಮನಿ ಕಟ್ಟಾಕತ್ತೇವಿ ಅವ್ವಾ. ಇಳಿಜಾರಿಗೆ ಊರವರೆಲ್ಲಾ ಕೂಡಿ ಕಲ್ಲಿನ ಒಡ್ಡು ಹಾಕೇವಿ, ಇನ್ನ ಗಿಡಾ ಹಚ್ಚಬೇಕು. ನಾವು ಬಿಟ್ಟು ಬಂದ್ರ ಅದನ್ನ ಕಾಯೋರ್ಯಾರು? ಜಾರಿದ ಮಣ್ಣೆಲ್ಲಾ ಹೊಳಿ ಹಿಡಕೊಂಡು ನಿಮ್ಮ ಕೊಡಕ್ಕೇ ಬರತೈತಿ," ಅಂದಳು ಅಕ್ಕ, ತಗ್ಗಿದ ದನಿಯಲ್ಲಿ.

ನಳ ತಿರುವಿ ನೀರು ಹಿಡಿಯುವ ನಮಗೆ, ನಮಗಿಂತ ದೂರದ ವಿಜಾಪುರದಂಥ ಶಹರದವರಿಗಂತೂ, ಹೊಳೆ ಅಣೆಕಟ್ಟಿನಲ್ಲೇ ಹುಟ್ಟುತ್ತದೆ ನೋಡಿ. ಅದರಾಚೆ ಯಾರೋ ಎಚ್ಚರವಿದ್ದು ಮಣ್ಣನ್ನು ಹಿಡಿದು ನಿಲ್ಲಿಸಿದ್ದಾರೆಂಬುದು ನೆನಪಿಗೇ ಬಾರದು.

ಮರುದಿನ ಅವ್ವ ಸನಿಕೆ ಹಿಡಿದು ಕಾಲುವೆಯ ದಂಡೆಗೆ ಹೋದಳು. ಆಳಕ್ಕೆ ಬೇರಿಳಿಸಿ ಮಣ್ಣನ್ನು ಬಿಗಿಯಾಗಿ ಹಿಡಿಯುವ ಲಾವಂಚದ ಬುಡಗಳನ್ನು ಕಿತ್ತು ತಂದು, ಹಸಿ ಗೋಣಿಚೀಲದಲ್ಲಿ ಸುತ್ತಿದಳು. ಬಸ್ಸಿನಲ್ಲಿ ಅಕ್ಕನ ತೊಡೆಯ ಮೇಲೆ ಅದನ್ನಿಟ್ಟು, "ದಾರ್ಯಾಗ ನೀರ ಚಿಮುಕಿಸು, ಒಣಗಬಾರ್ದು," ಅಂದಳೇ ಹೊರತು, ಇರು ಎಂದು ಮತ್ತೆ ಅನ್ನಲಿಲ್ಲ.

ಲಾವಂಚ ಆ ಇಳಿಜಾರಿನಲ್ಲಿ ಚಿಗುರಿತು. ಅಂಜಿಕೆ ಮಾತ್ರ ಪೂರ್ತಿ ಹೋಗಲಿಲ್ಲ. ಅವ್ವ ಇರುವತನಕ, ಪಡುವಣದಲ್ಲಿ ಮೋಡ ಕಟ್ಟಿದೊಡನೆ ನನ್ನಿಂದ ಅಕ್ಕನಿಗೆ ಫೋನು ಹಚ್ಚಿಸುತ್ತಿದ್ದಳು. ಮಗಳ ಯೋಗಕ್ಷೇಮಕ್ಕೂ ಮೊದಲು, ಮನೆಯ ಹಿರಿಯರೊಬ್ಬರನ್ನು ವಿಚಾರಿಸುವ ಧಾಟಿಯಲ್ಲಿ ಕೇಳುತ್ತಿದ್ದಳು:

"ಗುಡ್ಡ ಆರಾಮ ಐತೇನ?"