ಮಾತೆಯ ಮುಖಕ್ಕೆ ನಮ್ಮ ಎಂಜಲು

ನಮ್ಮ ಕೇಂದ್ರಕ್ಕಿಂತ ಅದರ ಬೋರ್ಡೇ ದೊಡ್ಡದಾಗಿತ್ತು. ಉರ್ವ ಮಾರ್ಕೆಟಿನ ಹಿಂದಿನ ಓಣಿಯಲ್ಲಿ ಹಂಚಿನ ಮಾಡಿನ ಹಳೆಯ ಮನೆ, ಅದರ ಮಹಡಿಯಲ್ಲಿ ಎರಡು ಕೋಣೆ, ನಾಲ್ಕು ಕಿಟಕಿ, ಮೂರು ಉದ್ದನೆಯ ಮೇಜು. ಬೋರ್ಡಿನಲ್ಲಿ ಮಾತ್ರ ‘ಪ್ರಾದೇಶಿಕ ಕಲಾವಸ್ತು ಸಂರಕ್ಷಣಾ ಕೇಂದ್ರ’ ಎಂದು ಆನೆಗಾತ್ರದ ಅಕ್ಷರಗಳು. ಅದನ್ನು ಓದಿಯೂ ತಲೆಬುಡ ತಿಳಿಯದವರು ಕೆಳಗೆ ನಿಂತು, “ಇಲ್ಲಿ ಕೊಡೆ ರಿಪೇರಿ ಮಾಡ್ತಾರಾ?” ಎಂದು ಕೂಗಿ ಕೇಳುತ್ತಿದ್ದರು. ಬಂದರಿನ ಬ್ಯಾರಿ ವ್ಯಾಪಾರಿಯೊಬ್ಬರು ನಿಂತುಹೋದ ಗೋಡೆ ಗಡಿಯಾರವನ್ನು ಹೊತ್ತು ಮೇಲೆ ಬಂದಿದ್ದರು. ಇಂಥದ್ದನ್ನು ನಾವು ಮಾಡುವುದಿಲ್ಲ ಎಂದರೆ, “ಹಳೆಯ ಸಾಮಾನು ಸರಿ ಮಾಡುವವರು ಅಂತ ಬರೆದದ್ದಲ್ವಾ? ಇದು ಹಳೆಯದಲ್ದೆ ಮತ್ತೆಂತ ಮಾರಾಯ್ರೆ?” ಎಂದು ನಮ್ಮನ್ನೇ ತರಾಟೆಗೆ ತೆಗೆದುಕೊಂಡರು.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಹುಡುಗಿಯರ ಶಾಲೆಯ ಡ್ರಾಯಿಂಗ್ ಟೀಚರ್ ಕೆಲಸ ಬಿಟ್ಟು ಅಲ್ಲಿಗೆ ಸೇರಿದ್ದೆ. ವರ್ಷವಿಡೀ ಮಾವಿನಹಣ್ಣು, ತಂಬಿಗೆ, ಮತ್ತೆ ಮಾವಿನಹಣ್ಣು ಬರೆಸಿ ಬರೆಸಿ ನನಗೆ ಮಾವಿನಹಣ್ಣು ಕಂಡರೇ ಸಿಟ್ಟು ಬರುತ್ತಿತ್ತು. ಒಳ್ಳೆಯ ಕೆಲಸ ಬಿಟ್ಟು ಹಳೆಯ ಹಲಗೆ ಉಜ್ಜಲು ಹೋದಳು ಎಂದು ಮನೆಯಲ್ಲಿ ಒಂದು ವಾರ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಮಾತಾಡದಿದ್ದರೆ ಬೇಡ ಎಂದು ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಕೇಂದ್ರದ ಮುಖ್ಯಸ್ಥರು ಮೈಸೂರಿನ ಕಡೆಯವರು, ಮದ್ರಾಸಿನಲ್ಲಿ ಈ ವಿದ್ಯೆ ಕಲಿತವರು. ಬೆರಳ ಸಂದಿಯಲ್ಲಿ ಯಾವಾಗಲೂ ಸಿಗರೇಟು. ಶಾಲೆ ಬಿಟ್ಟು ಬಂದರೂ ಅವರ ಬಾಯಲ್ಲಿ ನಾನು ‘ಟೀಚರ್’ ಆಗಿಯೇ ಉಳಿದೆ, ಅವರು ನನಗೆ ‘ಸಾರ್’.

ಆ ಚಿತ್ರ ಬಂದದ್ದು ಜುಲೈ ತಿಂಗಳಲ್ಲಿ, ಹಾಸಿಗೆಯ ಚಾದರದಲ್ಲಿ ಸುತ್ತಿಕೊಂಡು. ನದಿಯಾಚೆಯ ಒಂದು ಹಳೆಯ ಇಗರ್ಜಿಯದು. ಅರ್ಧ ಬಾಗಿಲಿನಷ್ಟು ದೊಡ್ಡ ಮರದ ಹಲಗೆ, ಅದರ ಮೇಲೆ ಮಗುವನ್ನು ಎತ್ತಿಕೊಂಡ ಮಾತೆ. ಮಾತೆ ಎಂದು ನಾವು ನಂಬಬೇಕು ಅಷ್ಟೇ, ಏಕೆಂದರೆ ಹಲಗೆ ದೋಸೆಯ ಕಾವಲಿಯಂತೆ ಕಪ್ಪಾಗಿತ್ತು. ತಲೆ ಮಗುವಿನ ಕಡೆ ಬಾಗಿದ ಒಂದು ಅಂದಾಜು ಮಾತ್ರ ಕಾಣುತ್ತಿತ್ತು. ಸೆಪ್ಟೆಂಬರಿನ ತೆನೆ ಹಬ್ಬಕ್ಕೆ, ಅಂದರೆ ಮಾತೆಯ ಹುಟ್ಟುಹಬ್ಬಕ್ಕೆ, ಅದು ವಾಪಸು ಬಲಿಪೀಠದ ಪಕ್ಕಕ್ಕೆ ಹೋಗಬೇಕಿತ್ತು.

ಅದರ ಜೊತೆಗೆ ಒಬ್ಬ ಮುದುಕರೂ ಬಂದರು. ಆ ಇಗರ್ಜಿಯಲ್ಲಿ ಗಂಟೆ ಹೊಡೆದು ಮೇಣದಬತ್ತಿ ಹಚ್ಚುವುದು ನಲವತ್ತು ವರ್ಷಗಳಿಂದ ಅವರ ಕೆಲಸ. ನಾನು ಅವರನ್ನು ‘ಬಾಪು’ ಎಂದು ಕರೆಯುತ್ತಿದ್ದೆ, ಅವರು ನನ್ನನ್ನು ‘ಬಾಯೆ’, ಅಂದರೆ ಮಗಳೇ, ಎಂದು. ನಾವಿಬ್ಬರೇ ಇದ್ದಾಗ ಕೊಂಕಣಿ, ಸಾರ್ ಇದ್ದರೆ ಕನ್ನಡ. ಬಾಯಿ ತುಂಬ ಎಲೆ ಅಡಿಕೆ, ಕಂಕುಳಲ್ಲಿ ಕೊಡೆ. ವಾರಕ್ಕೆರಡು ಸಲ ಬಸ್ಸಿನಲ್ಲಿ ಬಂದು, ಮೇಜಿನಿಂದ ನಾಲ್ಕು ಹೆಜ್ಜೆ ದೂರದ ಸ್ಟೂಲಿನ ಮೇಲೆ ಕೂತು, ಒಂದೇ ಪ್ರಶ್ನೆ ಕೇಳುತ್ತಿದ್ದರು.

“ಬಾಯೆ, ಮುಖ ಉಂಟಾ?”

“ಇನ್ನೂ ನೋಡಲಿಲ್ಲ ಬಾಪು.”

ಯಾಕೆ ಹಾಗೆ ಕೇಳುತ್ತಾರೆ ಎಂದು ಗೊತ್ತಾದದ್ದು ಮೂರನೆಯ ವಾರದಲ್ಲಿ. ಹಬ್ಬದ ಒಂಬತ್ತು ದಿನ ಎಲ್ಲಕ್ಕಿಂತ ದೊಡ್ಡ ಮೇಣದಬತ್ತಿಯನ್ನು ಅವರು ಮಾತೆಯ ಮುಖದ ನೇರಕ್ಕೇ ಇಡುತ್ತಿದ್ದರಂತೆ. ಅದು ಮರ್ಯಾದೆ ಎಂದು ಅವರಿಗಿಂತ ಹಿಂದಿನವರು ಕಲಿಸಿದ್ದು. “ಆ ಬೆಂಕಿಯಲ್ಲಿ ನಾನು ಅವಳ ಮುಖವನ್ನೇ ಸುಟ್ಟೆನೋ ಎಂತದೋ,” ಎಂದರು. ಹೇಳುವಾಗ ನನ್ನನ್ನು ನೋಡಲಿಲ್ಲ, ಕೊಡೆಯ ಹಿಡಿಯನ್ನು ನೋಡುತ್ತಿದ್ದರು. ನನಗೆ ಪಾಪ ಅನಿಸಿತು.

ಮಾತೆಯ ಉಡುಪಿನ ಭಾಗದ ಮಸಿ ಸುಲಭವಾಗಿ ಬಿಟ್ಟಿತು. ಪ್ರತಿವರ್ಷ ಹಬ್ಬಕ್ಕೆ ಮೊದಲು ಚಿತ್ರ ಮಿರುಗಲಿ ಎಂದು ಬಾಪು ಅದಕ್ಕೆ ತೆಂಗಿನೆಣ್ಣೆ ತಿಕ್ಕುತ್ತಿದ್ದರು. ಈ ವಿಷಯ ಕೇಳಿದಾಗ ಸಾರ್ ಹಣೆ ಹಣೆ ಚಚ್ಚಿಕೊಂಡಿದ್ದರು. ಆದರೆ ಮಸಿಯೆಲ್ಲ ಆ ಎಣ್ಣೆಗೇ ಅಂಟಿ ಕೂತಿತ್ತು, ಬಣ್ಣಕ್ಕೆ ಇಳಿದಿರಲಿಲ್ಲ. ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಟರ್ಪೆಂಟೈನಿನಲ್ಲಿ ಅದ್ದಿ, ಒಂದು ಮೂಲೆಯಲ್ಲಿ ಉರುಳಿಸಿದೆ. ಹತ್ತಿ ಕಪ್ಪಾಯಿತು. ಇನ್ನೊಂದು, ಮತ್ತೊಂದು. ಆಮೇಲೆ ಉಗುರಿನಷ್ಟು ಜಾಗದಲ್ಲಿ ನೀಲಿ ಕಾಣಿಸಿತು. ಎಂಥ ನೀಲಿ ಅದು. ಕಡ್ಡಿಯನ್ನು ಹಾಗೇ ಕೆಳಗಿಟ್ಟೆ. “ಸಾರ್, ನೀಲಿ,” ಎಂದು ಕೂಗಿದೆ. ಸಾರ್ ಬಂದು ಬಗ್ಗಿ ನೋಡಿ, ಹಚ್ಚಿದ್ದ ಸಿಗರೇಟನ್ನು ಕಿಟಕಿಯಿಂದಾಚೆ ಎಸೆದರು. ಆ ದಿನಗಳಲ್ಲಿ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಮೇಜಿನ ಹತ್ತಿರ ಓಡಬೇಕೆನಿಸುತ್ತಿತ್ತು. ಉಡುಪಿನ ಅಂಚಿಗೆ ಚಿನ್ನದ ಗೆರೆ ಬಂತು, ಮಗುವಿನ ಕೈಯಲ್ಲಿ ಒಂದು ಪುಟ್ಟ ಹಕ್ಕಿ ಬಂತು. ಅಷ್ಟು ವರ್ಷ ಯಾರೂ ನೋಡಿರದ ಹಕ್ಕಿ.

ಮುಖ ಮಾತ್ರ ಜಪ್ಪಯ್ಯ ಎನ್ನಲಿಲ್ಲ.

ಕಾರಣ ಬಾಪುವೇ ಹೇಳಿದರು. ಎಣ್ಣೆ ತಿಕ್ಕುವಾಗ ಕುತ್ತಿಗೆಯವರೆಗೆ ಬಂದು ಕೈ ನಿಲ್ಲಿಸುತ್ತಿದ್ದರಂತೆ. “ಅವಳ ಮುಖಕ್ಕೆ ಕೈ ಹಾಕುವುದುಂಟಾ?” ಅಲ್ಲಿಗೆ ಎಣ್ಣೆಯೇ ತಾಗಿರಲಿಲ್ಲ, ಮಸಿ ನೇರವಾಗಿ ಬಣ್ಣದ ಮೇಲೇ ಕಚ್ಚಿಕೊಂಡಿತ್ತು. ಸಾರ್ ಕಲಿಸಿದ ನಿಯಮ ಒಂದೇ: ಹತ್ತಿಗೆ ಕಪ್ಪು ಬಂದರೆ ಮುಂದಕ್ಕೆ, ಬಣ್ಣ ಬಂದರೆ ಕೈ ಹಿಂದಕ್ಕೆ. ಟರ್ಪೆಂಟೈನಿಗೆ ಏನೂ ಬರಲಿಲ್ಲ. ಅದಕ್ಕಿಂತ ಖಾರದ ದ್ರಾವಣವನ್ನು ಕಿವಿಯ ಹತ್ತಿರ ಮುಟ್ಟಿಸಿದೆ, ಹತ್ತಿಯಲ್ಲಿ ನಸುಗೆಂಪು ಕಾಣಿಸಿತು. ಕೈ ಹಿಂದೆ ತೆಗೆದೆ.

ಹಬ್ಬಕ್ಕೆ ಹದಿನೈದು ದಿನ ಇರುವಾಗ ಇಗರ್ಜಿಯ ಹಿರಿಯರು ನಾಲ್ಕು ಜನ ಬಂದರು. ನೀಲಿಯನ್ನು ಹೊಗಳಿದರು, ಹಕ್ಕಿಯನ್ನು ಹೊಗಳಿದರು. ಆಮೇಲೆ ಒಬ್ಬರು, “ಮುಖ ಆಗದಿದ್ರೆ ಅಡ್ಡಿಯಿಲ್ಲ, ಕೊಟ್ಟಾರದಲ್ಲಿ ಒಬ್ಬ ಪೇಂಟರ್ ಇದ್ದಾನೆ. ಸೋಪಿನ ಬೋರ್ಡಿಗೆಲ್ಲ ಚಂದದ ಹೆಂಗಸರ ಮುಖ ಬರಿತಾನೆ. ಎರಡು ದಿನ ಸಾಕು ಅಂದಿದ್ದಾನೆ,” ಎಂದರು. ಹಬ್ಬಕ್ಕೆ ನಾಲ್ಕು ದಿನ ಮೊದಲು ಮುಖ ಬಾರದಿದ್ದರೆ ಹಲಗೆ ಅವನ ಕೈಗೆ ಎಂದು ತೀರ್ಮಾನವಾಯಿತು. ನನಗೆ ಮೈ ಉರಿದುಹೋಯಿತು. ಮೂಲೆಯ ಸ್ಟೂಲಿನಲ್ಲಿದ್ದ ಬಾಪು ಎದ್ದು ಯಾರಿಗೂ ಹೇಳದೆ ಮೆಟ್ಟಿಲಿಳಿದು ಹೋದರು.

ಮರುದಿನ ಸಾರ್ ನನ್ನನ್ನು ಕಿಟಕಿಯ ಹತ್ತಿರ ಕರೆದರು. “ಇನ್ನೊಂದು ದಾರಿ ಇದೆ ಟೀಚರ್. ಮದ್ರಾಸಿನಲ್ಲಿ ಹಳೇ ಕೈಗಳು ಮಾಡ್ತಿದ್ರು. ಹೇಳೋಕೇ ಸಂಕೋಚ. ಎಂಜಲು. ಇಂಥ ಮಸಿಗೆ ಅದರಷ್ಟು ಹದವಾದ್ದು ಯಾವ ಬಾಟಲಿಯಲ್ಲೂ ಇಲ್ಲ. ಆಮೇಲೆ ಶುದ್ಧ ನೀರಲ್ಲಿ ಒರೆಸಿಬಿಡ್ತೀವಿ. ಆದರೆ ನನ್ನದು ಸಿಗರೇಟಿನ ಬಾಯಿ, ಆಗಲ್ಲ. ನೀವೇ ಮಾಡಬೇಕು.”

ನಮ್ಮ ಮನೆಯಲ್ಲಿ ಒಬ್ಬರು ಕಚ್ಚಿ ಕುಡಿದ ಲೋಟವನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಕ್ರಿಸ್ತುವರಾದರೂ ಎಂಜಲಿನ ವಿಷಯದಲ್ಲಿ ನನ್ನ ಅಮ್ಮ ಯಾವ ಮಡಿವಂತರಿಗೂ ಕಡಿಮೆಯಿರಲಿಲ್ಲ. ಅಂಥ ಮನೆಯ ಮಗಳು ಮಾತೆಯ ಮುಖಕ್ಕೆ ಎಂಜಲು ಹಚ್ಚುವುದೇ? ಬೇಡವೆನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಸೋಪಿನ ಬೋರ್ಡಿನ ಹೆಂಗಸು ಕಣ್ಣಮುಂದೆ ಬಂದಳು.

ಮರುದಿನ ಬೆಳಿಗ್ಗೆ ಮೀನುಸಾರು ಮುಟ್ಟದೆ ಬರೀ ಗಂಜಿ ಉಂಡೆ. ಕೇಂದ್ರಕ್ಕೆ ಬಂದು ಮೂರು ಸಲ ಬಾಯಿ ಮುಕ್ಕಳಿಸಿ, ಶಿಲುಬೆಯ ಗುರುತು ಹಾಕಿ, “ತಪ್ಪಾದರೆ ನನಗೊಬ್ಬಳಿಗೇ ಆಗಲಿ ತಾಯಿ,” ಎಂದು ಹತ್ತಿಯನ್ನು ನಾಲಿಗೆಯ ಮೇಲಿಟ್ಟೆ. ಹಣೆಯ ಮೇಲೆ ಕಡಲೆಕಾಳಿನಷ್ಟು ಜಾಗದಲ್ಲಿ ಉರುಳಿಸಿದೆ. ಹತ್ತಿ ಕಪ್ಪಾಯಿತು. ಕಪ್ಪು ಮಾತ್ರ, ಬಣ್ಣವಿಲ್ಲ. ಇಪ್ಪತ್ತು ಕಡ್ಡಿ ಮುಗಿಯುವಾಗ ಅಲ್ಲಿ ಗೋಧಿ ಬಣ್ಣದ ಚರ್ಮ ಇತ್ತು. ನಾನು ಕೋಣೆಯಲ್ಲೇ ಒಂದು ಸುತ್ತು ಕುಣಿದೆ. ಸಾರ್ ಗೋಡೆಯ ಕಡೆ ತಿರುಗಿ ನಿಂತರು, ನಗು ತಡೆಯಲು.

ಮೂರನೆಯ ದಿನ ಹಣೆ ಮುಗಿದು ಕೆನ್ನೆಗೆ ಇಳಿದಿದ್ದೆ. ಹತ್ತಿ ಬಾಯಲ್ಲಿ ಇರುವಾಗಲೇ ಬಾಗಿಲಲ್ಲಿ ಬಾಪು.

“ಎಂತ ಮಾಡ್ತಿದ್ದಿ ಬಾಯೆ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಚಿತ್ರವನ್ನು ನೋಡಲೇ ಇಲ್ಲ, ನನ್ನ ಕೈಯ ಕಡ್ಡಿಯನ್ನೇ ನೋಡಿ, ಕೊಡೆ ತೆಗೆದುಕೊಂಡು ಹೋದರು. ಪಾದ್ರಿಗಳಿಗೆ ಹೇಳುತ್ತಾರೆ, ಸಂಜೆಯೊಳಗೆ ಹಲಗೆ ಒಯ್ಯಲು ಜನ ಬರುತ್ತಾರೆ ಎಂದು ನಾನು ಕಿಟಕಿಗೂ ಮೇಜಿಗೂ ನಡೆದಾಡಿದೆ. ಯಾರೂ ಬರಲಿಲ್ಲ. ಮರುದಿನವೂ ಬರಲಿಲ್ಲ. ಆದರೆ ಇನ್ನೊಂದು ಕಷ್ಟ ಶುರುವಾಯಿತು. ಹೆದರಿಕೆಗೋ, ಬೆಳಗಿನಿಂದ ಸಂಜೆಯವರೆಗೆ ಹತ್ತಿ ಚೀಪಿದ್ದಕ್ಕೋ, ನನ್ನ ಬಾಯಿ ಒಣಗಿಹೋಯಿತು. ಹುಣಸೆಹಣ್ಣು ನೆನೆದುಕೊಂಡೆ, ಉಪ್ಪಿನಕಾಯಿ ನೆನೆದುಕೊಂಡೆ. ಕೊನೆಗೆ ಮಾವಿನಹಣ್ಣನ್ನೂ ನೆನೆದುಕೊಂಡೆ.

ಅದರ ಮರುದಿನ ಬಾಪು ಬಂದರು. ಬಾಯಲ್ಲಿ ಎಲೆ ಅಡಿಕೆ ಇರಲಿಲ್ಲ. ಅದಿಲ್ಲದೆ ಅವರನ್ನು ನಾನು ನೋಡಿದ್ದೇ ಮೊದಲು.

“ಫಾದರಿಗೆ ಹೇಳ್ಬೇಕು ಅಂತಲೇ ಹೋದದ್ದು,” ಎಂದರು ಸಾರ್ ಕಡೆ ತಿರುಗಿ. “ಇಗರ್ಜಿಯ ಮೆಟ್ಟಿಲ ಹತ್ರ ನಿಂತಾಗ ನೆನಪಾಯ್ತು. ಒಳಗೆ ಹೋಗುವ ಮೊದ್ಲು ನನ್ನ ಅಮ್ಮ ಅಲ್ಲಿಯೇ ಸೀರೆಯ ತುದಿ ನಾಲಿಗೆಗೆ ಮುಟ್ಟಿಸಿ ನನ್ನ ಮುಖ ಒರೆಸ್ತಿದ್ದಳು. ನನಗೆ ಯಾವತ್ತೂ ಹೇಸಿಗೆ ಆದದ್ದಿಲ್ಲ. ಎರಡು ದಿನದಿಂದ ಎಲೆ ಮುಟ್ಟಲಿಲ್ಲ ಸಾರ್. ನನ್ನದು ಆಗ್ತದಾ ನೋಡಿ.”

ಸಾರ್ ನಗಲಿಲ್ಲ. ಬಿಳಿ ಹತ್ತಿಯ ಒಂದು ಕಡ್ಡಿ ಕೊಟ್ಟರು. ಬಾಪು ಬಾಯಿಗಿಟ್ಟು ವಾಪಸು ಕೊಟ್ಟರು. ನಸುಗೆಂಪು. “ಇನ್ನೆರಡು ದಿನ ಬಿಟ್ಟು ಬನ್ನಿ,” ಎಂದರು ಸಾರ್. ಎರಡು ದಿನ ಕಳೆದು ಬಂದಾಗಲೂ ಹತ್ತಿಯಲ್ಲಿ ಸ್ವಲ್ಪ ಬಣ್ಣ ಉಳಿದಿತ್ತು. ಆ ಮುದುಕರು ಮಾವಿನೆಲೆಯಿಂದ ಹಲ್ಲು ತಿಕ್ಕಿ ತಿಕ್ಕಿ ಒಸಡು ಹುಣ್ಣು ಮಾಡಿಕೊಂಡಿದ್ದರು. ಅಷ್ಟರಲ್ಲಿ ನಾನು ಇದ್ದಬದ್ದ ಎಂಜಲಿನಲ್ಲೇ ಕೆನ್ನೆ, ಮೂಗು, ತುಟಿ ಮುಗಿಸಿದ್ದೆ. ಉಳಿದದ್ದು ಕಣ್ಣು. ಮೇಣದಬತ್ತಿಯ ನೇರ ಅಲ್ಲಿಗೇ ಇದ್ದದ್ದರಿಂದ ಮಸಿಯೂ ಅಲ್ಲಿಯೇ ಹೆಚ್ಚು.

ಪೇಂಟರನ ಗಡುವಿನ ಹಿಂದಿನ ದಿನ ಬಾಪುವಿನ ಹತ್ತಿ ಬೆಳ್ಳಗೆ ಬಂತು. ಸಾರ್ ಅದನ್ನು ಬೆಳಕಿಗೆ ಹಿಡಿದು, “ಪಾಸ್,” ಎಂದರು. ಬಾಪುವಿಗಾದ ಸಂತೋಷ ನಮ್ಮ ಶಾಲೆಯಲ್ಲಿ ಫಸ್ಟ್ ಬಂದ ಹುಡುಗಿಯರಿಗೂ ಆಗಿರಲಿಕ್ಕಿಲ್ಲ.

ಅವರು ಸ್ಟೂಲನ್ನು ನನ್ನ ಪಕ್ಕಕ್ಕೇ ಎಳೆದುಕೊಂಡರು. ಬಾಯಿಗಿಟ್ಟು ಒಂದೊಂದೇ ಕಡ್ಡಿ ಕೊಡುತ್ತಿದ್ದರು, ನಾನು ಉರುಳಿಸುತ್ತಿದ್ದೆ. ಇನ್ನೊಬ್ಬರ ಎಂಜಲು ನನ್ನ ಬೆರಳಿಗೆ ತಾಗುತ್ತಿದೆ ಎಂಬುದು ನನಗೆ ಹೊಳೆದದ್ದೇ ಮಧ್ಯಾಹ್ನ ಊಟಕ್ಕೆ ಕೈ ತೊಳೆಯುವಾಗ. ಒಂದು ರೆಪ್ಪೆ ಬಂತು. ಬಣ್ಣ ಒಂದು ಚೂರೂ ಸುಟ್ಟಿರಲಿಲ್ಲ. “ಉಂಟು ಬಾಪು, ಮುಖ ಉಂಟು,” ಎಂದೆ. ಅವರು ತಲೆಯಾಡಿಸಿ ಇನ್ನೊಂದು ಕಡ್ಡಿ ಕೊಟ್ಟರು.

ನಾಲ್ಕು ಗಂಟೆಗೆ ಎರಡನೆಯ ಕಣ್ಣೂ ಮುಗಿಯಿತು. ಸಾರ್ ನೀರಿನ ಹತ್ತಿಯಲ್ಲಿ ಮುಖವನ್ನೆಲ್ಲ ಒರೆಸಿದರು. ಅವರೂ ನಾನೂ ಸೇರಿ ಹಲಗೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ನಿಲ್ಲಿಸಿದೆವು. ಬಾಪು ಅಳತೆ ಮಾಡಿದವರಂತೆ ಬಂದು, ಇಗರ್ಜಿಯಲ್ಲಿ ಮೇಣದಬತ್ತಿ ಇಡುವಾಗ ನಿಲ್ಲುತ್ತಿದ್ದಷ್ಟೇ ದೂರದಲ್ಲಿ ನಿಂತರು.

ತಲೆ ಮಗುವಿನ ಕಡೆ ಬಾಗಿತ್ತು, ನಿಜ. ಆದರೆ ಕಣ್ಣು ಮಗುವಿನ ಮೇಲೆ ಇರಲಿಲ್ಲ. ಎದುರಿಗೆ ನಿಂತವರನ್ನೇ ನೋಡುತ್ತಿತ್ತು.

ಬಾಪು ಸ್ವಲ್ಪ ಎಡಕ್ಕೆ ಸರಿದರು, ಆಮೇಲೆ ಬಲಕ್ಕೆ. ಎಲ್ಲಿ ನಿಂತರೂ ಅದೇ. ಕೊನೆಗೆ ಕೊಂಕಣಿಯಲ್ಲಿ, ನನಗೆ ಮಾತ್ರ ಕೇಳುವ ಹಾಗೆ ಹೇಳಿದರು: “ಮಗುವನ್ನು ನೋಡ್ತಿದ್ದಾಳೆ ಅಂತ ನಾನು ಇಷ್ಟು ವರ್ಷ ಹೇಗೆ ಬೇಕಾದ್ರೆ ಹಾಗೆ ಬಂದು ಬತ್ತಿ ಹಚ್ಚಿ ಹೋಗ್ತಿದ್ದೆ.”

ಕೊಡೆಯನ್ನು ನನ್ನ ಕೈಗೆ ಕೊಟ್ಟು, ಅಂಗಿಯ ಕುತ್ತಿಗೆಯ ಗುಂಡಿ ಹಾಕಿಕೊಂಡರು.