ಕನ್ಯಾ ನೋಡಲು ಬಂದವರೂ ಬಿಸಿನೆಸ್ ಎಥಿಕ್ಸೂ

ಹೋದ ತಿಂಗಳು ನನ್ನ ಮದುವೆಯಾಯಿತು. ಅದು ಆಗದಂತೆ ನೋಡಿಕೊಳ್ಳಲು ನನ್ನ ವಿದ್ಯಾರ್ಥಿಯೊಬ್ಬರು ಕೈಲಾದದ್ದನ್ನೆಲ್ಲ ಮಾಡಿದ್ದರು. ಅವರನ್ನು ಬಯ್ಯುವಂತೆಯೂ ಇಲ್ಲ. ಅವರು ಮಾಡಿದ್ದೆಲ್ಲ ನಾನೇ ಕಲಿಸಿದ್ದು.

ನಿಮಗೆ ಗೊತ್ತಲ್ಲ, ದಾಂಡೇಲಿಯಲ್ಲಿ ಸಂಜೆ ಹೊತ್ತು ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಕ್ಲಾಸಿಗೆ ಪಾಠ ಮಾಡುತ್ತೇನೆ. ನನ್ನ ವಿಷಯ ಬಿಸಿನೆಸ್ ಎಥಿಕ್ಸ್. ಅಂದರೆ ಮೋಸ ಮಾಡದೆ ವ್ಯಾಪಾರ ಮಾಡುವುದು ಹೇಗೆ ಎನ್ನುವುದು. (ಅಕೌಂಟೆನ್ಸಿ ಪಾಠ ಮಾಡುವವರು ಇದನ್ನು ಪುರಾಣದ ಪೀರಿಯಡ್ ಎನ್ನುತ್ತಾರೆ.)

ನನ್ನ ವಿದ್ಯಾರ್ಥಿಗಳು ಹುಡುಗರಲ್ಲ. ಕಾಗದದ ಮಿಲ್ಲಿನ ಗುಮಾಸ್ತರು, ಕಟ್ಟಿಗೆ ಡಿಪೋದವರು. ಡ್ಯೂಟಿ ಮುಗಿಸಿ ಬಂದು ಆಕಳಿಸುತ್ತ ಕೂರುವ ಸಂಸಾರಸ್ಥರು. ಅವರಲ್ಲಿ ಪೂರ್ತಿ ಎಚ್ಚರವಿರುವವರು ಗುರುಸಿದ್ದಪ್ಪ ಒಬ್ಬರೇ. ಧಾರವಾಡದ ಕಡೆಯವರು, ಮಿಲ್ಲಿನಲ್ಲಿ ನೌಕರಿ, ದಪ್ಪ ಮೀಸೆ, ವಯಸ್ಸಿನಲ್ಲಿ ನನಗಿಂತ ಹಿರಿಯರು. ನಾನು ಹೇಳಿದ್ದೆಲ್ಲ ವೇದವಾಕ್ಯ ಎಂದು ನಂಬುತ್ತಾರೆ. ಇಂಥವರು ಕ್ಲಾಸಿಗೊಬ್ಬರಾದರೂ ಇರಲಿ ಎಂದು ಪಾಠ ಮಾಡುವವರೆಲ್ಲ ಬಯಸುತ್ತಾರೆ. ದಯವಿಟ್ಟು ಬಯಸಬೇಡಿ.

ಬರೀ ಪುಸ್ತಕ ಸಾಲದೆಂದು ನಾನೊಂದು ಪ್ರಾಕ್ಟಿಕಲ್ ಇಟ್ಟೆ. ಜೋಯಿಡಾ ಕಡೆಯ ಕೆಲವು ಹೆಂಗಸರು ಸೇರಿ ಎಳೆ ಬಿದಿರಿನ ಉಪ್ಪಿನಕಾಯಿ ಹಾಕುತ್ತಾರೆ, ಅದೇ ಕಳಲೆಯದು. ಅದನ್ನು ನಮ್ಮ ಕ್ಲಾಸು ಹಳಿಯಾಳದ ಸಂತೆಯಲ್ಲಿ ಮಾರಿಕೊಡಬೇಕು, ಲಾಭವೆಲ್ಲ ಆ ಹೆಂಗಸರಿಗೆ. ಕಾಡೂ ಉಳಿಯಬೇಕು, ಹಾಗಾಗಿ ಪ್ರತಿ ಮೆಳೆಯಲ್ಲಿ ಅರ್ಧ ಕಳಲೆ ಬೆಳೆಯಲು ಬಿಡಬೇಕು. (ಬಿದಿರೆಲ್ಲ ಉಪ್ಪಿನಕಾಯಿಯಾದರೆ ಮಿಲ್ಲಿನ ಗತಿ ಏನು ಎಂದು ಗುಮಾಸ್ತರು ಒಂದಿಡೀ ಪೀರಿಯಡ್ ಜಗಳವಾಡಿದರು. ಅವರಿಗೂ ಪಗಾರದ ಚಿಂತೆ, ಪಾಪ.) ಮಾರುವವರಿಗೆ ನನ್ನದು ಒಂದೇ ಷರತ್ತು: ಮಾಲಿನ ದೋಷವನ್ನು ಕೊಳ್ಳುವವರು ಕಂಡುಹಿಡಿಯುವ ಮೊದಲು ನೀವೇ ಹೇಳಿಬಿಡಬೇಕು.

ಗುರುಸಿದ್ದಪ್ಪ ಹೇಳಿದರು. ಸಂತೆಯ ನಟ್ಟನಡುವೆ ನಿಂತು ಹೇಳಿದರು. “ವಾಸನಿ ಐತ್ರೀ. ಉಪ್ಪು ಮುಂದಾಗೇತ್ರೀ. ರೂಢಿ ಇಲ್ಲದವರು ತಿಂದರ ಹೊಟ್ಟಿ ಗುಡುಗುಡು ಅಂತೈತ್ರೀ.”

ಇದೆಂಥ ವ್ಯಾಪಾರಿ ಎಂದು ನೋಡಲು ಜನ ಮುತ್ತಿಕೊಂಡರು. ನೋಡಲು ಬಂದವರು ಕೊಂಡರು. ಭರಣಿ ಖಾಲಿ. ನಾನು ಹಿಗ್ಗಿ ಹೀರೇಕಾಯಿಯಾದೆ. ಗುರುಸಿದ್ದಪ್ಪನವರಂತೂ ಇನ್ನು ಮೇಲೆ ಲೋಕದ ದೋಷಗಳನ್ನೆಲ್ಲ ಹೇಳಿಬಿಡುವುದೆಂದು ನಿರ್ಧರಿಸಿದಂತಿತ್ತು.

ಅದೇ ವಾರ ಹಳಿಯಾಳದಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಹುಡುಗ ಹೈಸ್ಕೂಲ್ ಮಾಸ್ತರ. ಹಿಂದೆ ಬಂದುಹೋದವರೆಲ್ಲ “ಪತ್ರ ಬರೀತೇವಿ” ಎಂದು ಹೋಗಿದ್ದರು; ಆ ಪತ್ರಗಳು ಇನ್ನೂ ದಾರಿಯಲ್ಲಿವೆ. ಆದರೆ ಈ ಹುಡುಗ ನನಗೆ ನೋಡಿದ ಕೂಡಲೇ ಹಿಡಿಸಿಬಿಟ್ಟ. ಇದೊಂದು ಕೂಡಿಬರಲಿ ದೇವರೇ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಅವ್ವ ತನ್ನ ಮಾಲು ಮಾರುತ್ತಿದ್ದಳು. “ನಮ್ಮ ಹುಡುಗಿಗೆ ಇಪ್ಪತ್ನಾಕು ನಡದೈತ್ರೀ. ಭಾಳ ಶಾಂತ. ಈ ಉಪ್ಪಿಟ್ಟು ಅಕೀನ ಮಾಡ್ಯಾಳ.”

ಅಷ್ಟರಲ್ಲಿ ಖಾಲಿ ಭರಣಿ ವಾಪಸ್ಸು ಕೊಡಲು ಗುರುಸಿದ್ದಪ್ಪ ಬಂದರು.

ಹುಡುಗನ ತಾಯಿಯ ಮುಖ ಅರಳಿತು. “ನೀವಿಲ್ಲೆ? ಮೊದಲ ನಮ್ಮ ಬಾಜೂ ಮನ್ಯಾಗ ಇದ್ದವರ ಅಲ್ಲೇನ್ರೀ?”

ಅವ್ವನಿಗೆ ಇನ್ನೇನು ಬೇಕು? ಎರಡೂ ಕಡೆಗೆ ಗೊತ್ತಿದ್ದ ಗೌರವಸ್ಥ ಸಾಕ್ಷಿ ತಾನಾಗಿ ನಡೆದು ಬಂದಿದೆ. “ಬರ್ರಿ, ಕುಂದರ್ರಿ. ಇಂಥಾ ದೊಡ್ಡವರೆಲ್ಲ ನಮ್ಮ ಹುಡುಗಿ ಕಡೆ ಕಲೀತಾರ ನೋಡ್ರಿ” ಎಂದು ಉಪ್ಪಿಟ್ಟಿನ ತಾಟು ಕೈಗಿಟ್ಟಳು.

“ಚಲೋ ಆತು. ಹಂಗಾರ ನೀವ ಹೇಳ್ರಿ, ನಿಮ್ಮ ಬಾಯಾರು ಹೆಂಗದಾರ?” ಹುಡುಗನ ತಾಯಿ ಕೇಳಿಯೇಬಿಟ್ಟರು. (ನಮ್ಮ ಕಡೆ ಪಾಠ ಹೇಳುವ ಹೆಂಗಸರಿಗೆ ಬಾಯಾರು ಎನ್ನುತ್ತಾರೆ.)

ನಾನು ಕಣ್ಣು ಮಿಟುಕಿಸಿದೆ. ಕೆಮ್ಮಿದೆ. ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ತುಟಿಯ ಮೇಲೆ ಬೆರಳಿಟ್ಟೆ. ಗುರುಸಿದ್ದಪ್ಪ ಕ್ಲಾಸಿನಲ್ಲಿ ಏಳುವ ಹಾಗೆ ಎದ್ದು ನಿಂತರು.

“ಮೊದಲ ದೋಷ ಹೇಳಿಬಿಡ್ತೇನ್ರೀ. ಬಾಯಾರಿಗೆ ಸಿಟ್ಟು ಮೂಗಿನ ತುದಿಮ್ಯಾಲ. ಡಸ್ಟರ್ ಒಗೀತಾರ. ಗುರಿ ಮಾತ್ರ ಇಲ್ರೀ, ಬಾಜೂದವರಿಗೆ ಬಡೀತೈತಿ.”

ಹುಡುಗನ ತಂದೆ ಕನ್ನಡಕ ಏರಿಸಿಕೊಂಡರು. “ವಯಸ್ಸು ಇಪ್ಪತ್ನಾಕು ಅಂದ್ರು?”

“ಮನ್ನೆ ಇಪ್ಪತ್ತೆಂಟು ತುಂಬಿತು ಅಂತ ನಮಗೆಲ್ಲಾ ಪೇಢೆ ಕೊಟ್ಟಾರ್ರೀ. ಒಂದೊಂದ ಕೊಟ್ರು.”

ಅವ್ವ ಅಡುಗೆಮನೆಯತ್ತ ಸರಿಯತೊಡಗಿದಳು. ಗುರುಸಿದ್ದಪ್ಪ ಒಂದು ತುತ್ತು ಉಪ್ಪಿಟ್ಟು ಬಾಯಿಗಿಟ್ಟು, ಚಪ್ಪರಿಸಿ, ತೀರ್ಪು ಕೊಟ್ಟರು. “ಇದು ಬಾಯಾರ ಕೈದಲ್ರೀ. ಇದು ಚಲೋ ಆಗೇತಿ.”

ನನಗೆ ಅಳುವೇ ಬಂತು. ಸತ್ಯದ ಬಗ್ಗೆ ಗಂಟೆಗಟ್ಟಲೆ ಕೊರೆಯುವವಳು ನಾನು. ನನ್ನ ಬಗ್ಗೆಯೇ ನಾಲ್ಕು ಮಾತು ಸತ್ಯ ಕೇಳುವುದು ಇಷ್ಟು ಕಷ್ಟವೇ? ಹೋಗಲಿ, ನಿಮ್ಮನ್ನೇ ಕೇಳುತ್ತೇನೆ. ಹಳೇ ಸ್ಕೂಟರ್ ಮಾರುವಾಗ ಅದು ಏರಿನಲ್ಲಿ ನಿಂತುಬಿಡುತ್ತದೆ ಎಂದು ಹೇಳಿದ್ದೀರಾ? ಮನೆ ಬಾಡಿಗೆಗೆ ಕೊಡುವಾಗ ಬೇಸಿಗೆಯಲ್ಲಿ ಬಾವಿ ಬತ್ತುತ್ತದೆ ಎಂದು? ಇಲ್ಲ ತಾನೆ? ಹಾಗಿರುವಾಗ ಕನ್ಯೆಯ ಕಥೆ ಕೇಳಬೇಕೆ.

ಆಗ ಹುಡುಗ ನಕ್ಕುಬಿಟ್ಟ. “ಅವ್ವಾ, ಇಷ್ಟು ಮನಿ ತಿರಗಿದ್ವಿ. ಎಲ್ಲಾ ಕಡೆ ಹುಡುಗಿ ಬಂಗಾರ, ಉಪ್ಪಿಟ್ಟು ಅಮೃತ. ಖರೇ ಹೇಳಿದ್ದು ಇದೊಂದ ಮನಿ. ನನಗ ಒಪ್ಪಿಗಿ ಐತಿ.”

ಹುಡುಗನ ತಾಯಿಯೂ ಕರಗಿದರು. “ನಮ್ಮ ಹುಡುಗಗೂ ಒಂದ ಚಟಾ ಇಲ್ರೀ. ಎಲಿ ಅಡಿಕಿ ಸುದ್ದಾ ಮುಟ್ಟೂದಿಲ್ಲ” ಎಂದರು. ಗುರುಸಿದ್ದಪ್ಪ ಕೂತು ಉಪ್ಪಿಟ್ಟು ಮುಗಿಸಿದರು. ಆ ಸಾಕ್ಷಿಯನ್ನು ತಾನೇ ಕರೆಸಿದ್ದೆಂದು ಅವ್ವ ಈಗಲೂ ಊರಲ್ಲಿ ಹೇಳಿಕೊಂಡು ತಿರುಗುತ್ತಿದ್ದಾಳೆ.

ಮದುವೆಯಾಗಿ ಹಳಿಯಾಳಕ್ಕೆ ಹೋದೆ. ಮೊದಲ ಬೆಳಗು. ಇನ್ನೂ ಕೋಳಿ ಕೂಗಿಲ್ಲ, ಕಿವಿಯ ಹತ್ತಿರವೇ ಯಾರೋ ಎಮ್ಮೆಯ ಬಾಲ ತುಳಿದಂತಾಯಿತು. ಗಾಬರಿಯಿಂದ ಎದ್ದು ನೋಡಿದರೆ ನಮ್ಮವರು ಹಾರ್ಮೋನಿಯಂ ಪೇಟಿಯ ಮುಂದೆ ಕಣ್ಣು ಮುಚ್ಚಿ ಕೂತಿದ್ದಾರೆ. ಅದು ರಿಯಾಜಂತೆ. ದಿನಾಲೂ ಅಂತೆ. ವರ್ಷಗಳಿಂದ ಒಂದೇ ರಾಗ, ಅದರಲ್ಲೂ ಅದೇ ಜಾಗದಲ್ಲಿ ಅದೇ ತಪ್ಪು. ಮನುಷ್ಯ ಚಿನ್ನದಂಥವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿದ್ದೆ?

ಎದುರು ಮನೆಯ ಕಾಕೂ ನನ್ನ ಕೆಂಪು ಕಣ್ಣು ನೋಡಿ ಸಮಾಧಾನ ಹೇಳಿದರು. “ರೂಢಿ ಆಗತೈತವಾ. ಬಾಜೂ ಮನಿ ಗುರುಸಿದ್ದಪ್ಪಗ ಮಾತ್ರ ಆಗಲಿಲ್ಲ. ಈ ಪೇಟಿ ದನಿ ತಾಳಲಾರದ ಹೆಂಡ್ತಿ ಮಕ್ಕಳನ್ನ ಕರಕೊಂಡು ದಾಂಡೇಲಿ ಅಂಬೇವಾಡಿಗೆ ಹ್ವಾದ.”

ಅವತ್ತು ಸಂಜೆ ಬಸ್ಸಿಳಿದವಳೇ ನೆಟ್ಟಗೆ ಕ್ಲಾಸಿಗೆ ನುಗ್ಗಿದೆ.

“ಗುರುಸಿದ್ದಪ್ಪನವರ, ಪೇಟಿ ವಿಚಾರ ನಿಮಗ ಮೊದಲ ಗೊತ್ತಿತ್ತಲ್ರೀ. ನಂದೆಲ್ಲಾ ಹೇಳಿದ್ರಿ, ಅದನ್ಯಾಕ ಹೇಳಲಿಲ್ಲ?”

ಅವರು ಎದ್ದು ನಿಂತರು. ಮುಖದಲ್ಲಿ ಅದೇ ಭಕ್ತಿ.

“ಅದು ಅವರ ಮಾಲರೀ ಬಾಯಾರ. ಇನ್ನೊಬ್ಬರ ಅಂಗಡಿ ಮಾಲಿನ ಬಗ್ಗೆ ತುಟಿ ಪಿಟ್ ಅನಬಾರದು ಅಂತ ಎರಡನೇ ಪಾಠದಾಗ ನೀವ ಹೇಳೀರಿ.”

ಹೇಳಿದ್ದೆ. ಎರಡೆರಡು ಸಲ ಒತ್ತಿ ಹೇಳಿದ್ದೆ.

ಬರುವ ವಾರ ಪರೀಕ್ಷೆ. ನೀವೇ ಹೇಳಿ, ಈ ಮನುಷ್ಯನನ್ನು ಪಾಸು ಮಾಡಲೋ, ಫೇಲು ಮಾಡಲೋ?