ವಿಮಾನದ ಹೊಟ್ಟೆಯೊಳಗಿನ ಚಿನ್ನ

ಹೊಸ ಬಣ್ಣದ ವಾಸನೆ, ಸ್ಪಂಜಿನ ವಾಸನೆ ಒಟ್ಟಿಗೆ ಬಂದರೆ ನನಗೆ ಇವತ್ತಿಗೂ ಕಾಟಿಪಳ್ಳದ ಅಜ್ಜಿಮನೆಯ ಚಾವಡಿ ನೆನಪಾಗುತ್ತದೆ. ಮೊನ್ನೆ ಪಂಪ್‌ವೆಲ್‌ನ ಅಂಗಡಿಯೊಂದರಲ್ಲಿ ಯಾರೋ ಆಟಿಕೆಯ ಡಬ್ಬ ತೆರೆದಾಗ ಅದೇ ವಾಸನೆ ಬಂತು. ಆ ಮನೆ ಈಗಿಲ್ಲ. ಅಲ್ಲಿದ್ದ ಜಗ್ಗು ಮಾವನೂ ಇಲ್ಲ. ಅವರು ನನ್ನ ಅಮ್ಮನ ಅಣ್ಣ. ಗಲ್ಫಿನ ಬಂದರೊಂದರಲ್ಲಿ ಕ್ರೇನ್ ನಡೆಸುತ್ತಿದ್ದರು. ರಜೆಗೆ ಬಂದಾಗಲೆಲ್ಲ ನಮಗೆ ಚಾಕಲೇಟು, ಅಜ್ಜಿಗೆ ಮಂಡಿನೋವಿನ ಎಣ್ಣೆ ತಂದು, ತಮಗಾಗಿ ಮಾತ್ರ ಒಂದು ವಿಮಾನ ತರುತ್ತಿದ್ದರು. ಪ್ಲಾಸ್ಟಿಕ್ಕಿನದಲ್ಲ, ಎರಕದ ಲೋಹದ್ದು, ಡಬ್ಬದೊಳಗೆ ಸ್ಪಂಜಿನಲ್ಲಿ ಹುದುಗಿಸಿಟ್ಟದ್ದು. ಮಹಾಯುದ್ಧದ ಕಾಲದಲ್ಲಿ ಹಡಗಿನ ಮೇಲಿಂದ ಹಾರುತ್ತಿದ್ದ ಯುದ್ಧವಿಮಾನಗಳ ಪುಟ್ಟ ಮಾದರಿಗಳು ಅವು. ರೆಕ್ಕೆಗಳು ಮಡಚಿಕೊಳ್ಳುತ್ತಿದ್ದವು, ಬಾಲದಡಿಯಲ್ಲಿ ಕೊಕ್ಕೆಯಿತ್ತು. "ಹಡಗಲ್ಲಿ ಜಾಗ ಕಮ್ಮಿ ಅಲ್ವಾ ಮಗಾ, ಅದಕ್ಕೆ ರೆಕ್ಕೆ ಮಡಚುದು. ಇಳಿಯುವಾಗ ಈ ಕೊಕ್ಕೆ ಹಡಗಿಗೆ ಅಡ್ಡ ಕಟ್ಟಿದ ಹಗ್ಗಕ್ಕೆ ಸಿಕ್ಕಿದ್ರೆ ಬಚಾವು, ಇಲ್ಲದಿದ್ರೆ ಸಮುದ್ರ" ಎನ್ನುತ್ತಾ ನನ್ನ ಅಂಗೈ ಮೇಲೆ ವಿಮಾನ ಇಳಿಸುತ್ತಿದ್ದರು. ತಣ್ಣಗೆ, ಕೈ ಬಗ್ಗುವಷ್ಟು ಭಾರ.

ಆ ಭಾರವೇ ಮನೆಯವರ ತಲೆಗೆ ಹೊಕ್ಕಿತು. ಏರ್‌ಪೋರ್ಟಿನಲ್ಲಿ ಗಲ್ಫಿನಿಂದ ಬಂದ ಯಾರದೋ ಮಿಕ್ಸಿಯೊಳಗೆ ಅಡಗಿಸಿ ತಂದ ಚಿನ್ನ ಸಿಕ್ಕಿತೆಂಬ ಸುದ್ದಿಯನ್ನು ನಂತೂರಿನಿಂದ ಹೊತ್ತು ತಂದವರು ಜಗ್ಗು ಮಾವನ ತಮ್ಮ, ಟೆಂಪೋ ಓಡಿಸುತ್ತಿದ್ದ ಶೇಖರ ಮಾವ. ಅಂದಿನಿಂದ ಗಾಜಿನ ಬೀರುವಿನಲ್ಲಿ ಸಾಲಾಗಿ ನಿಂತ ವಿಮಾನಗಳನ್ನು ಯಾರೂ ಮೊದಲಿನಂತೆ ನೋಡಲಿಲ್ಲ. "ಆಟದ ಸಾಮಾನಿಗೆ ಬೀಗ ಎಂತಕ್ಕೆ?" ಎಂದು ಜಗ್ಗು ಮಾವನ ಹೆಂಡತಿ ವಿಮಲತ್ತೆಯೇ ಕೇಳತೊಡಗಿದರು. ಮಾವ ಫೋನಿನಲ್ಲಿ ಮೆಲ್ಲಗೆ ಮಾತಾಡಿದರೆ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಲ್ಲುತ್ತಿತ್ತು. "ನನ್ನ ಮಗ ಅಂಥವನಲ್ಲ" ಎಂದು ಗದರಿದ ಅಜ್ಜಿ, ಸ್ವಲ್ಪ ಹೊತ್ತು ಬಿಟ್ಟು ಶೇಖರ ಮಾವನ ಹತ್ತಿರ, "ಅಲ್ಲ, ಎಷ್ಟು ಇರಬಹುದು?" ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು. ಸಂಶಯ ಒಬ್ಬರಿಗೆ ಬಂದು ಅಲ್ಲಿಗೇ ನಿಲ್ಲುವುದಿಲ್ಲವೆಂಬುದು ಒಟ್ಟು ಕುಟುಂಬದಲ್ಲಿ ಬೆಳೆದ ನಿಮಗೂ ಗೊತ್ತಿದ್ದೀತು.

ಒಂದು ಮಧ್ಯಾಹ್ನ ಜಗ್ಗು ಮಾವ ಸುರತ್ಕಲ್ಲಿಗೆ ಹೋಗಿದ್ದಾಗ ಅತ್ತೆ ಗೂಟಕ್ಕೆ ತೂಗುಹಾಕಿದ್ದ ಅವರ ಇನ್ನೊಂದು ಅಂಗಿಯ ಜೇಬಿನಿಂದ ಬೀಗದ ಕೈ ತೆಗೆದುಕೊಟ್ಟರು. ಶೇಖರ ಮಾವ ಎಲ್ಲಕ್ಕಿಂತ ಭಾರದ ನೀಲಿ ವಿಮಾನವನ್ನು ಮೈ ಒರೆಸುವ ಬೈರಾಸಿನಲ್ಲಿ ಸುತ್ತಿ, ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದರು. ಬೈರಾಸು ಬಿಡಿಸಿದಾಗ ಮುರಿದ ಬೂದು ಲೋಹ, ಪುಡಿಯಾದ ಗಾಜು, ಬೆರಳುಗುರಿನಷ್ಟು ಪುಟ್ಟ ಪೈಲಟ್ ಗೊಂಬೆ. ಬೇರೇನೂ ಇರಲಿಲ್ಲ. ಅಲ್ಲಿಗೆ ಮುಗಿಯಬೇಕಿತ್ತು. "ಬೇರೆಯದ್ರಲ್ಲಿ ಉಂಟಾ ಅಂತ" ಎನ್ನುತ್ತಾ ಶೇಖರ ಮಾವ ಎರಡನೆಯದಕ್ಕೆ ಕೈ ಹಾಕುವಾಗ ಜಗ್ಗು ಮಾವ ಹಿತ್ತಲ ಬಾಗಿಲಲ್ಲಿ ನಿಂತಿದ್ದರು.

ಅವರು ಬೈಯಲಿಲ್ಲ. ಕುಕ್ಕರುಗಾಲಿನಲ್ಲಿ ಕುಳಿತು ಚೂರುಗಳನ್ನು ಹೆಕ್ಕಿದರು. ಒಂದು ಚೂರನ್ನು ಮಗುಚಿ ತಮ್ಮನಿಗೆ ತೋರಿಸಿ, "ಅಡಿಯಲ್ಲಿ ಸ್ಕ್ರೂ ಉಂಟಲ್ಲ ಮಾರಾಯ. ಕೇಳಿದ್ರೆ ನಾನೇ ಬಿಚ್ಚಿ ತೋರಿಸ್ತಿದ್ದೆ" ಎಂದರು. ಅತ್ತೆಯ ಕಡೆ ತಿರುಗಿಯೂ ನೋಡಲಿಲ್ಲ.

ಮುಂದಿನ ರಜೆಯಲ್ಲಿ ವಿಮಾನ ಬರಲಿಲ್ಲ. ಬಂದವರೇ ಚಾವಡಿಯ ನಡುವೆ ಪೆಟ್ಟಿಗೆ ತೆರೆದು, ಅಂಗಿಗಳನ್ನು ಒಂದೊಂದಾಗಿ ಕೊಡವಿ, ಟಾರ್ಚಿನ ಸೆಲ್ ತೆಗೆದು, ಪೌಡರಿನ ಡಬ್ಬ ಬಿಚ್ಚಿ, ಕೊನೆಗೆ ತಮ್ಮ ಪ್ಯಾಂಟಿನ ಜೇಬುಗಳನ್ನೂ ಹೊರಮಗುಚಿ ತೋರಿಸಿದರು. ಆಮೇಲೆ ಪ್ರತಿ ಸಲವೂ ಹಾಗೆಯೇ. ಹಾಸಿಗೆ ಹಿಡಿದಿದ್ದ ಅಜ್ಜಿ ಒಮ್ಮೆ ಅವರ ಮಣಿಕಟ್ಟು ಹಿಡಿದು, "ಸಾಕು ಮಗಾ, ಮುಚ್ಚು. ನನಗೆಂತ ಸಂಶಯ ಇಲ್ಲ" ಎಂದು ಅತ್ತರು. "ಇರ್ಲಿ ಅಮ್ಮ, ಒಮ್ಮೆ ನೋಡಿಬಿಡಿ" ಎಂದು ಮಾವ ಕೊನೆಯ ಕರವಸ್ತ್ರದವರೆಗೂ ಬಿಡಿಸಿ ತೋರಿಸಿದರು.

ಅಜ್ಜಿ ತೀರಿಕೊಂಡಾಗ ಬಂದು, ಬೊಜ್ಜದ ಕ್ರಿಯೆಗಳನ್ನು ಮುಗಿಸಿ ಹೋದವರು ಮರಳಿ ಬರಲಿಲ್ಲ. ಅಲ್ಲಿಯೇ ಕೆಲಸದ ನಡುವೆ ಎದೆನೋವು ಬಂದು ತೀರಿಕೊಂಡರು. ದೇಹದ ಹಿಂದೆ ಅವರ ಪೆಟ್ಟಿಗೆಯೂ ಕಾಟಿಪಳ್ಳಕ್ಕೆ ಬಂತು, ಸುತ್ತಲೂ ಟೇಪು ಬಿಗಿದುಕೊಂಡು. ಯಾರೋ ನೆಂಟರು ಚೂರಿ ತಂದರು. ವಿಮಲತ್ತೆ ಎದ್ದು ಹೋಗಿ ಅದರ ಮುಂದೆ ಕುಳಿತುಬಿಟ್ಟರು. "ಬಿಚ್ಚುವುದು ಬೇಡ. ಅವರು ಎಂತ ತಂದಿದ್ದಾರೋ ಅದು ಅವರದ್ದು" ಎಂದರು. ಮನೆ ಮಾರುವ ದಿನದವರೆಗೂ ಅದು ಚಾವಡಿಯಲ್ಲಿ ಹಾಗೆಯೇ ಇತ್ತು. ಹೊರಡುವಾಗ ಅತ್ತೆ ಬೇರೇನನ್ನೂ ಕೇಳಲಿಲ್ಲ. ಆ ಪೆಟ್ಟಿಗೆಯನ್ನು ಮಾತ್ರ ರಿಕ್ಷಾದಲ್ಲಿ ತಮ್ಮ ಪಕ್ಕಕ್ಕೆ ಇರಿಸಿಕೊಂಡು, ಅದರ ಮೇಲೆ ಕೈಯಿಟ್ಟುಕೊಂಡು ಹೋದರು.